ಸೋಮವಾರದ ಮಾತ್ರೆ

“ಈ ಮಾತ್ರೆ ನೀವೇ ಮಡಿಕಳಿ ನರ್ಸಮ್ಮ. ಇದು ಬೀಪಿ ಇಳ್ಸೋದಲ್ಲ, ಮನುಷ್ಯನ್ನೇ ಕೆಡವೋದು!”

ಪುಟ್ಟಬಸವಯ್ಯ ಮಾತ್ರೆಯ ಸ್ಟ್ರಿಪ್ಪನ್ನು ನರ್ಸ್ ವೆಂಕಟಮ್ಮನ ಮೇಜಿನ ಮೇಲೆ ಇಟ್ಟೇಬಿಟ್ಟರು. ಬದನವಾಳಿನ ಖಾದಿ ಕೇಂದ್ರದಲ್ಲಿ ಮೂವತ್ತು ವರ್ಷ ನೇಯ್ದ ಆಸಾಮಿ. ಹಿಂದಿನ ದಿನ ಮಗ್ಗದ ಗುಂಡಿಯಿಂದ ಏಳುವಾಗ ಕಣ್ಣಿಗೆ ಕತ್ತಲೆ ಬಂದು, ನೇಯುತ್ತಿದ್ದ ಬಟ್ಟೆಯ ಮೇಲೇ ಕುಸಿದಿದ್ದರು. ಹೆಂಡತಿ ಮಲ್ಲಾಜಮ್ಮ ಮೊದಲ ಬಸ್ಸಿಗೇ ನಂಜನಗೂಡಿನ ಆಸ್ಪತ್ರೆಗೆ ಕರೆತಂದಿದ್ದರು. ಗಂಡನಿಗೆ ತಲೆ ಸುತ್ತಿದ್ದಕ್ಕಿಂತ ‘ಇನ್ನು ಮಾತ್ರೆ ಮುಟ್ಟಲ್ಲ’ ಎಂದದ್ದೇ ಆಕೆಗೆ ಹೆಚ್ಚಿನ ಭಯ. ಮೈದುನ ಹೀಗೇ ಮಾತ್ರೆ ಬಿಟ್ಟು, ಲಕ್ವ ಹೊಡೆದು, ಎರಡು ವರ್ಷ ಹಾಸಿಗೆ ಹಿಡಿದು ತೀರಿಹೋಗಿದ್ದ.

ವೆಂಕಟಮ್ಮ ತೋಳಿಗೆ ಪಟ್ಟಿ ಸುತ್ತಿ ಬೀಪಿ ನೋಡಿದರು. “ಇವತ್ತು ಸರಿಯಾಗೇ ಅದೆಯಲ್ಲ. ತಲೆ ಸುತ್ತೋದು ಯಾವಾಗ?”

“ನೆನ್ನೆ ಮಂಗಳವಾರ. ಓದ್ ಮಂಗಳವಾರನೂವೆ.”

“ಮಾತ್ರೆಗೂ ವಾರ ಗೊತ್ತಾಯ್ತದಾ ಯಜಮಾನ್ರೇ?”

ಮಲ್ಲಾಜಮ್ಮ ಬಾಯಿ ಹಾಕಿದರು. “ಸೋಮ್ವಾರ ಇವ್ರು ಉಪಾಸ ಕಣವ್ವ. ಬೆಳಿಗ್ಗೆ ಲಿಂಗಪೂಜೆ ಮಾಡಿ ತೀರ್ಥ ತಕಂಡ್ರೆ, ಸಂಜೆಗಂಟ ಬಾಯ್ಗೆ ಏನೂ ಆಕಲ್ಲ. ಮಾತ್ರೆನೂ ಇಲ್ಲ.”

“ಬುಟ್ಟಿದ್ನ ಅಂಗೇ ಬುಡ್ತೀನಾ?” ಪುಟ್ಟಬಸವಯ್ಯ ಎದೆ ಸೆಟೆಸಿದರು. “ಮಂಗಳವಾರ ಎದ್ದೇಟ್ಗೆ ಎರಡು ನುಂಗ್ತೀನಿ!”

ವೆಂಕಟಮ್ಮ ಹಣೆ ಹಣೆ ಚಚ್ಚಿಕೊಂಡರು. “ಮಗ್ಗದಲ್ಲಿ ಒಂದು ಎಳೆ ಬುಟ್ಟೋದ್ರೆ, ಪಕ್ಕದ ಜಾಗಕ್ಕೆ ಎರಡು ಎಳೆ ತುರುಕ್ತೀರಾ?”

“ಛೆ! ಬಟ್ಟೆ ಕೆಟ್ಟೋಯ್ತದೆ.”

“ಮೈ ಕೆಡಲ್ವಾ? ಎರಡು ಒಟ್ಗೆ ನುಂಗುದ್ರೆ ಬೀಪಿ ಸರ್‍ರಂತ ಇಳೀತದೆ, ತಲೆ ಸುತ್ತತದೆ. ಮರ್ತೋದ್ರೆ ಅವತ್ತೇ ಗ್ಯಾಪಕ ಬಂದಾಗ ತಕಳಿ. ಮಾರ್ನೆ ದಿನದ ಒತ್ತಾಗಿದ್ರೆ ಬುಟ್ಬುಡಿ, ಒಂದೇ ಸಾಕು. ಏಳೋವಾಗ ಸ್ವಲ್ಪ ಕೂತಿದ್ದು ನಿಧಾನಕ್ಕೆ ಏಳಿ. ಉಪ್ಪು?”

“ಕೇಳ್ಬೇಡಿ ಕಣವ್ವ,” ಮಲ್ಲಾಜಮ್ಮನಿಗೆ ಸಮಯ ಸಿಕ್ಕಿತು. “ಸಾರಿನ ರುಚಿ ನೋಡೋಕ್ಮುಂಚೆನೇ ಮೇಲುಪ್ಪು. ಉಪ್ಪಿನಕಾಯಿ ಜಾಡಿ ಇವ್ರ ಮಗ್ಗುಲಲ್ಲೇ!”

“ಮನೆ ಮರ್ಯಾದೆ ಎಲ್ಲಾ ಇಲ್ಲೇ ಒದರ್ಬುಡು,” ಎಂದು ಗೊಣಗಿದ ಪುಟ್ಟಬಸವಯ್ಯ ಮತ್ತೆ ಗಟ್ಟಿಯಾದರು. “ಉಪ್ಪು ಬೇಕಾದ್ರೆ ಬುಡ್ತೀನಿ. ಉಪಾಸ ಬುಡಲ್ಲ. ನಮ್ಮಪ್ಪನ ಕಾಲ್ದಿಂದ ನಡ್ಕಂಡ್ ಬಂದದೆ.”

ವೆಂಕಟಮ್ಮ ಒಳಗೆ ಹೋಗಿ ಡಾಕ್ಟರನ್ನು ಕೇಳಿ ಬಂದರು. “ಈ ಮಾತ್ರೆಗೆ ಊಟ ಬೇಕೇಬೇಕು ಅಂತಿಲ್ವಂತೆ. ನೀರಿದ್ರೆ ಸಾಕಂತೆ. ಆದ್ರೆ ದಿನಾ ಒಂದು, ಅದೇ ಒತ್ಗೆ.”

“ಪೂಜೆ ಆದ್ಮೇಲೆ ಮಾತ್ರೆ ನುಂಗುದ್ರೆ ಅದು ಉಪಾಸ ಆಯ್ತದಾ?”

ಮಲ್ಲಾಜಮ್ಮ ದನಿ ತಗ್ಗಿಸಿದರು. “ಲಿಂಗಕ್ಕೆ ತೋರ್ಸಿದ್ಮೇಲೆ ಎಲ್ಲಾ ಪ್ರಸಾದನೇ ಅಂತ ನೀವೇ ಅಲ್ವಾ ನಂಗೆ ಏಳ್ಕೊಟ್ಟಿದ್ದು? ಮಾತ್ರೆನೂ ತೋರ್ಸಿ. ತೀರ್ಥದ ಜೊತೆ ತಕಳಿ. ನಿಮ್ ತಮ್ಮನ್ ಬಾಯ್ಗೆ ಎರಡು ವರ್ಷ ಗಂಜಿ ಉಯ್ದಿವ್ನಿ. ಇನ್ನೊಂದ್ಸಲ ನನ್ ಕೈಲಿ ಆಗಲ್ಲ.”

ಪುಟ್ಟಬಸವಯ್ಯ ಮೇಜಿನತ್ತ ಕೈ ಚಾಚಿದರು. ಸ್ಟ್ರಿಪ್ಪನ್ನು ಎತ್ತಿ ಜುಬ್ಬದ ಜೇಬಿಗೆ ಹಾಕಿಕೊಂಡರು.

ಮುಂದಿನ ಸೋಮವಾರ ಬೆಳಿಗ್ಗೆ ಮಲ್ಲಾಜಮ್ಮ ವಿಭೂತಿ, ಪತ್ರೆ ಜೋಡಿಸಿದ್ದ ತಟ್ಟೆಯ ಅಂಚಿಗೆ ಒಂದೇ ಒಂದು ಮಾತ್ರೆ ಇಟ್ಟು, ಪಕ್ಕದಲ್ಲಿ ಒಂದು ಲೋಟ ನೀರಿಟ್ಟು ಒಲೆಯ ಕಡೆ ಹೋದರು. ಸ್ವಲ್ಪ ಹೊತ್ತಿಗೆ ಖಾಲಿ ಲೋಟ ನೆಲಕ್ಕೆ ತಾಗಿದ ಸದ್ದು ಕೇಳಿಸಿತು. ಬಾಗಿ ನೋಡಿದರೆ, ಗಂಡ ಗೋಡೆಗೆ ಕೈಯೂರಿ ನಿಧಾನಕ್ಕೆ ಏಳುತ್ತಿದ್ದರು.