ಹನ್ನೊಂದು ಬೀಜದ ಮರಗಳು

ವಾಚಕ ಮಹಾಶಯರೇ,

ಓರ್ವ ಸಜ್ಜನರ ಜೀವಿತದ ಸ್ಮರಣೆಯನ್ನು ತಮ್ಮ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳಲು ಈ ಲೇಖಕನು ಅಪ್ಪಣೆ ಬೇಡುತ್ತಾನೆ. ಆ ಮಹನೀಯರ ಕುರಿತು ಹನ್ನೆರಡು ಪುಟಗಳ ಭಾಷಣವೊಂದನ್ನು ನಾನು ಈ ಮೊದಲೇ ರಚಿಸಿದ್ದುಂಟು. ಅದರಲ್ಲಿ ಸುಳ್ಳೆನ್ನುವಂಥದು ಒಂದಕ್ಷರವೂ ಇರಲಿಲ್ಲ. ಆದರೂ ಅದನ್ನು ಓದಲಾಗಲಿಲ್ಲ. ಏಕೆಂಬುದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ಅವರು ಫಾರೆಸ್ಟರಾಗಿದ್ದರು. ಒಂದೇ ಕಾಡಿನಲ್ಲಿ ಮೂವತ್ತೊಂದು ವರ್ಷ. ಕೂಲಿಯಾಳುಗಳಿಂದ ಹಿಡಿದು ಮರದ ಮಿಲ್ಲಿನ ಮಾಲೀಕನವರೆಗೆ ಎಲ್ಲರ ಬಾಯಲ್ಲೂ ಅವರು ‘ಅಣ್ಣ’. ಒಂಟಿಯಾಗಿ ತಿರುಗಬೇಕಾದ ಕೆಲಸಕ್ಕೆ ಇಂಥ ಮಾತಿನಮಲ್ಲರನ್ನು ಯಾರು ಆರಿಸಿದರೋ ಎಂದು ಜನ ನಗುತ್ತಿದ್ದರು. ದಾರಿಯಲ್ಲಿ ಅವರನ್ನು ಕಂಡರೆ ಬಸ್ಸಿನ ಡ್ರೈವರು ಎಂಜಿನ್ ಆಫ್ ಮಾಡುತ್ತಿದ್ದ. ಮಾತು ಮುಗಿಯುವ ತನಕ ಡೀಸೆಲ್ ಏಕೆ ಸುಡಬೇಕೆಂಬುದು ಅವನ ವಾದ. ಇಂಥ ಮನುಷ್ಯ ಮಧ್ಯಾಹ್ನ ಹನ್ನೆರಡೂವರೆಯಾದರೆ ಯಾರ ಕೈಗೂ ಸಿಗುತ್ತಿರಲಿಲ್ಲ. ನಲವತ್ತು ನಿಮಿಷ ನಡೆದು ಮನೆಗೆ ಹೋಗಿ, ಹೆಂಡತಿಯ ಎದುರು ಕುಳಿತೇ ಉಣ್ಣಬೇಕು. ಮತ್ತೆ ನಲವತ್ತು ನಿಮಿಷ ನಡೆದು ಬರಬೇಕು. ಮರದ ಸುತ್ತಳತೆ ತೆಗೆಯುವ ಟೇಪನ್ನು ಒಮ್ಮೆ ಹೆಂಡತಿಯ ಸೊಂಟಕ್ಕೆ ಸುತ್ತಿ, ‘ಕಡಿಯೋ ಸೈಜಿಗೆ ಬರೋಕೆ ಇನ್ನೂ ಟೈಮಿದೆ ಕಣೇ’ ಎಂದರಂತೆ. ಆಕೆ ಎರಡು ದಿನ ಮಾತು ಬಿಟ್ಟರಂತೆ. ಮೂರನೆಯ ದಿನ ಅದೇ ಟೇಪಿನಿಂದ ಗಂಡನ ಹೊಟ್ಟೆ ಅಳೆದು, ‘ನಿಮ್ಮದು ಬಂದಾಯ್ತು’ ಎಂದರಂತೆ.

ನಾನು ಒಂದೂರಿನಲ್ಲಿ ಎರಡು ವರ್ಷ ಕಾಲೂರಿ ನಿಂತವನಲ್ಲ. ಕೆಲಸ ಕೇಳಿಕೊಂಡು ಹೋದ ಮೊದಲ ದಿನ ‘ಎಲ್ಲಿಂದ ಬಂತು ಸವಾರಿ?’ ಎಂದು ಕೇಳಿದ ಅಣ್ಣ, ಅದನ್ನೇ ನನ್ನ ಹೆಸರಾಗಿಸಿದರು. ಸಂಜೆ ಮನೆಗೆ ಕರೆದೊಯ್ದು ಹಿತ್ತಲ ಕೋಣೆಯನ್ನು ಬಿಟ್ಟುಕೊಟ್ಟರು. ಅವರ ಹೆಂಡತಿ ನನಗೆ ಅತ್ತಿಗೆಯಾದರು. ಫಾರೆಸ್ಟರ್ ಕೆಲಸಕ್ಕೇ ತರಬೇತಿ ಪಡೆಯುತ್ತಿದ್ದ ಒಬ್ಬಳೇ ಮಗಳು ನನ್ನನ್ನು ಚಿಕ್ಕಪ್ಪ ಎಂದಳು. ಹದಿನಾಲ್ಕು ತಿಂಗಳು ಆ ಮನೆಯ ಅನ್ನ ತಿಂದೆ.

ಇನ್ನು ಸುತ್ತಿಗೆಯ ವಿಷಯ. ಕಡಿಯಬೇಕಾದ ಮರದ ಬುಡದಲ್ಲಿ ಅಂಗೈಯಗಲ ತೊಗಟೆ ಕೆತ್ತಿ, ಒಳಗಿನ ಬಿಳಿಯ ಮೇಲೆ ಫಾರೆಸ್ಟರು ತಮ್ಮ ಸುತ್ತಿಗೆಯಿಂದ ಒಂದೇಟು ಹಾಕುತ್ತಾರೆ. ಸುತ್ತಿಗೆಯ ಮುಖದಲ್ಲಿ ಅವರವರ ನಂಬರು ಉಬ್ಬಿರುತ್ತದೆ, ಅಣ್ಣನದು ನಲವತ್ತೇಳು. ಮರ ಹೋದರೂ ಬೊಡ್ಡೆಯಲ್ಲಿ ಆ ನಂಬರು ಉಳಿಯುತ್ತದೆ. ಸುತ್ತಿಗೆ ಬೇರೆಯವರ ಕೈಗೆ ಹೋಗಕೂಡದೆಂಬುದು ಮೊದಲ ನಿಯಮ. ಫಾರೆಸ್ಟರು ತೀರಿಕೊಂಡರೆ, ಅದೇ ಕೆಲಸಕ್ಕೆ ಬರುವ ಮಗನಿಗೋ ಮಗಳಿಗೋ ಅದೇ ನಂಬರು ಸಲ್ಲುತ್ತದೆ. ಆದರೆ ಹೆಸರಿಗೆ ಕಳ್ಳತನ ಅಂಟಿದಲ್ಲಿ, ಸುತ್ತಿಗೆಯ ಮುಖವನ್ನು ಸಾಣೆಗೆ ಹಿಡಿದು ನಂಬರನ್ನು ಉಜ್ಜಿ ತೆಗೆಯುತ್ತಾರೆ. ಆಮೇಲೆ ಆ ನಂಬರು ಯಾರಿಗೂ ಇಲ್ಲ.

ಒಂದು ಬೆಳಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದ ಅಣ್ಣ ಮೇಲೇಳಲಿಲ್ಲ. ಇಪ್ಪತ್ತಾರು ದಿನ ಕಳೆದ ಮೇಲೆ, ಒಂದು ಭಾನುವಾರ, ಮರದ ಮಿಲ್ಲಿನ ಕ್ಯಾಂಟೀನಿನಲ್ಲಿ ಅವರ ನೆನಪಿಗೆ ಸಭೆ ಕೂಡಿಸಿದರು. ಅದೇ ದಿನ ಬೆಳಗ್ಗೆ ಮೇಲಿನ ಕಚೇರಿಯ ತನಿಖಾಧಿಕಾರಿ ಮನೆಗೆ ಬಂದರು. ದಿಬ್ಬದಾಚೆಯ ಇಳಿಜಾರಿನಲ್ಲಿ ಹನ್ನೊಂದು ಬೀಜದ ಮರಗಳು ಉರುಳಿವೆ ಎಂದರು. ಬೀಜ ಉದುರಿ ಹೊಸ ಕಾಡು ಏಳಲೆಂದು ಎಂದಿಗೂ ಕಡಿಯದೆ ಬಿಡುವ ಮರಗಳವು; ಇಡೀ ಕಾಡಿನಲ್ಲಿ ಅವುಗಳಷ್ಟು ನೆಟ್ಟಗೆ ಬೆಳೆದವು ಬೇರಿಲ್ಲ. ಹನ್ನೊಂದೂ ಬೊಡ್ಡೆಗಳಲ್ಲಿ ನಲವತ್ತೇಳು ಎಂದಿದೆ. ಸಭೆ ಮುಗಿಯುವ ತನಕ ಕಾಯುವುದಾಗಿಯೂ, ಆಮೇಲೆ ಕಳ್ಳತನವೆಂಬ ವರದಿಗೆ ಸಹಿ ಹಾಕಿ ಸುತ್ತಿಗೆಯನ್ನು ಸಾಣೆಗೆ ಕಳುಹಿಸುವುದಾಗಿಯೂ ತಿಳಿಸಿದರು. ಅತ್ತಿಗೆ ಕೊಟ್ಟ ನೀರನ್ನೂ ಮುಟ್ಟದೆ ಎದ್ದುಹೋದರು.

ಮಗಳು ನನ್ನನ್ನು ಹಿತ್ತಲಿಗೆ ಕರೆದಳು.

‘ಚಿಕ್ಕಪ್ಪ, ನೀವು ಅಷ್ಟೊಂದು ಕಾದಂಬರಿ ಓದಿದೋರು. ಅಪ್ಪ ಎಂಥೋರು ಅಂತ ಆ ಮನುಷ್ಯನ ತಲೆಗೆ ಇಳಿಯೋ ಹಾಗೆ ಮಾತಾಡಿ. ನಂಗೆ ಆ ನಂಬರ್ ಬೇಕು.’

ಆಗಲಿ ಎಂದೆ. ಆ ಹನ್ನೊಂದು ಮರಗಳಿಗೆ ಸುತ್ತಿಗೆ ಹೊಡೆದವನು ನಾನೇ.

ಅದು ನಡೆದದ್ದು ಐದು ತಿಂಗಳ ಹಿಂದೆ. ಅತ್ತಿಗೆಗೆ ಕಣ್ಣಿನ ಆಪರೇಷನ್ ಆಗಿತ್ತು; ಅಂದು ಪಟ್ಟಿ ಬಿಚ್ಚುವ ದಿನ. ಮಾರನೆಯ ಬೆಳಗ್ಗೆ ಕಡಿಯುವ ತಂಡ ಬರುವುದಿದ್ದುದರಿಂದ ಅಣ್ಣನಿಗೆ ರಜೆ ಸಿಗಲಿಲ್ಲ. ಅವರು ಸುತ್ತಿಗೆಯನ್ನು ನನ್ನ ಕೈಗಿತ್ತು, ಇಳಿಜಾರಿನಲ್ಲಿ ಉಳಿದ ಮರಗಳನ್ನು ಮುಗಿಸುವೆಯಾ, ಗುರುತು ಗೊತ್ತಲ್ಲ ಎಂದು ಕೇಳಿದರು. ಈ ಕಾಡಿನಲ್ಲಿ ಅಲ್ಲಿಯ ತನಕ ನಾನು ಸಸಿ ನೆಡುವ ಕೆಲಸದಲ್ಲಿದ್ದವನು. ಆದರೂ ನಾಲ್ಕು ಕಾಡುಗಳಲ್ಲಿ ಇದೇ ಕೆಲಸ ಮಾಡಿದ್ದೇನೆಂದು ಎದೆಯುಬ್ಬಿಸಿ ಹೇಳಿದೆ. ಆ ನಾಲ್ಕೂ ಕಾಡುಗಳಲ್ಲಿ ಬಿಳಿ ಬಣ್ಣದ ಪಟ್ಟೆ ಬಳಿದ ಮರವೆಂದರೆ ಕಡಿಯುವ ಮರ. ಈ ಕಾಡಿನಲ್ಲಿ ಕಡಿಯುವುದಕ್ಕೆ ನೀಲಿ ಚುಕ್ಕೆ. ಬಿಳಿ ಪಟ್ಟೆ ಬೀಜದ ಮರದ ಗುರುತು. ಕೇಳಿದ್ದರೆ ಅರೆನಿಮಿಷದ ಮಾತು. ಕೇಳಲಿಲ್ಲ. ಪಟ್ಟೆ ಕಂಡಲ್ಲೆಲ್ಲ ಹೊಡೆದೆ. ಮರುದಿನ ಹನ್ನೊಂದು ಎಂದು ನಾನು ಹೇಳಿದ್ದನ್ನು ಅಣ್ಣ ನಂಬಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಹೊರಗಿನಿಂದ ಬಂದ ತಂಡ ನಂಬರು ನೋಡಿ ಗರಗಸ ಹಾಕಿತು.

ಮೂರನೆಯ ದಿನ ಅಣ್ಣ ಆ ಬೊಡ್ಡೆಗಳನ್ನು ಕಂಡರು. ಒಂದರ ಮೇಲೆ ಕುಳಿತವರು ಕಾಲು ಗಂಟೆ ತುಟಿ ಬಿಚ್ಚಲಿಲ್ಲ. ಅವರು ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಕಂಡದ್ದು ಅದೊಂದೇ ಸಲ.

‘ನಿನ್ನ ಹೆಸರು ಹೇಳಿದ್ರೆ ಒಳಗೆ ಹಾಕ್ತಾರೆ. ನಂದಾದ್ರೆ ಉಗೀತಾರೆ, ಅಷ್ಟೆ,’ ಎಂದರು ಕೊನೆಗೆ. ‘ನಾನೇ ಬರೆದು ಕೊಡ್ತೀನಿ. ನೀನು ಬಾಯಿ ಮುಚ್ಕೊಂಡಿರು.’

ಬರೆಯಲು ಕುಳಿತಾಗಲೆಲ್ಲ ಯಾರಾದರೊಬ್ಬರು ಮಾತಿಗೆ ಬರುತ್ತಿದ್ದರು. ಬಂದವರನ್ನು ಎಬ್ಬಿಸಿ ಕಳುಹಿಸುವುದು ಅವರ ಜಾಯಮಾನವಲ್ಲ. ಇಂದು ನಾಳೆ ಎನ್ನುತ್ತ ದಿನಗಳು ಉರುಳಿದವು. ಆಮೇಲೆ ಆ ಬೂಟಿನ ಬೆಳಗ್ಗೆ ಬಂತು.

ಕ್ಯಾಂಟೀನಿನ ಬೆಂಚುಗಳು ತುಂಬಿ, ಉಳಿದವರು ಗೋಡೆಗೆ ಒರಗಿ ನಿಂತಿದ್ದರು. ಕ್ಷೌರದವನು, ಅಣ್ಣನ ಒಂದು ಕ್ರಾಪಿಗೆ ಎರಡು ಗಂಟೆ ಹಿಡಿಯುತ್ತಿತ್ತು, ಅಷ್ಟರಲ್ಲಿ ಕತ್ತರಿಸಿದ್ದು ಮತ್ತೆ ಬೆಳೆಯುತ್ತಿತ್ತು ಎಂದಾಗ ಅತ್ತಿಗೆಯೂ ನಕ್ಕರು. ತನಿಖಾಧಿಕಾರಿ ಮಾತ್ರ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದರು. ಕೊನೆಯ ಸರದಿ ನನ್ನದು.

ನಿಜ ಹೇಳಿದರೆ ಅಣ್ಣ ಕಳ್ಳರಲ್ಲವೆಂದಾಗುತ್ತದೆ; ಆದರೆ ಸುತ್ತಿಗೆಯನ್ನು ಕೈಬಿಟ್ಟು ಹೋದರೆಂಬ ಕಳಂಕ ಉಳಿಯುತ್ತದೆ. ಅದೂ ಇರಬಾರದೆಂದು ನಾನೊಂದು ಉಪಾಯ ಹೂಡಿದ್ದೆ. ಬರೆದು ತಂದಿದ್ದ ಭಾಷಣದ ಹಾಳೆಗಳನ್ನು ಮಡಚಿ ಜೇಬಿಗಿಟ್ಟು, ಅಣ್ಣನ ಚೀಲದಿಂದ ಸುತ್ತಿಗೆ ಕದ್ದು ಆ ಮರಗಳಿಗೆ ಹೊಡೆದವನು ನಾನು, ಅವರಿಗೆ ಏನೊಂದೂ ತಿಳಿಯದು ಎಂದುಬಿಟ್ಟೆ.

ಯಾರೋ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಅಧಿಕಾರಿ ಎದ್ದು ಬಂದು, ಚೀಲದಿಂದ ಅಣ್ಣನ ಪುಸ್ತಕ ತೆಗೆದು, ಒಂದು ಪುಟದ ಮೇಲೆ ಬೆರಳಿಟ್ಟರು.

‘ಹನ್ನೊಂದು ಅಂತ ಅವರೇ ಬರ್ಕೊಂಡಿದ್ದಾರಲ್ಲ? ನೀನು ಕದ್ದು ಹೊಡೆದಿದ್ದು ಅವರ ಪುಸ್ತಕಕ್ಕೆ ಹೇಗೆ ಬಂತು?’

ಇಬ್ಬರೂ ಸೇರಿ ಮಾಡಿದಿರಾ ಎಂದು ಅವರು ಮೆಲ್ಲಗೆ ಕೇಳಿದರು. ಅಣ್ಣನನ್ನು ಉಳಿಸಲು ಹೋಗಿ ಅವರ ಹೆಸರನ್ನು ನನ್ನ ಹೆಸರಿಗೆ ಗಂಟುಹಾಕಿದ್ದೆ. ಮಗಳ ಮುಖದ ಬಣ್ಣ ಇಳಿದಿತ್ತು. ನಾನು ತಾರೀಖು ಹೇಳಿದೆ. ಬಿಳಿ ಪಟ್ಟೆ, ನೀಲಿ ಚುಕ್ಕೆ, ನಾಲ್ಕು ಕಾಡುಗಳ ಜಂಬ, ಬೊಡ್ಡೆಯ ಮೇಲೆ ಅಣ್ಣ ಆಡಿದ ಮಾತು, ಎಲ್ಲವನ್ನೂ ಹೇಳಿದೆ. ಅಂದು ಅಣ್ಣ ಎಲ್ಲಿಗೆ ಹೋಗಿದ್ದರು ಎಂದು ಅಧಿಕಾರಿ ಕೇಳಿದಾಗ ಮಾತ್ರ ಅತ್ತಿಗೆಯ ಕಡೆ ನೋಡಿದೆ.

ಉತ್ತರ ಮುಂದಿನ ಬೆಂಚಿನಿಂದ ಬಂತು.

‘ನನ್ನ ಹತ್ರ ಬಂದಿದ್ರು,’ ಎಂದರು ಅತ್ತಿಗೆ. ‘ಆ ತಾರೀಖು ನಾನು ಹೇಗೆ ಮರೀಲಿ. ರಜೆ ಸಿಕ್ಕಿದೆ ಅಂದಿದ್ರು.’

‘ಸಿಕ್ಕಿರ್ಲಿಲ್ಲ ಅತ್ತಿಗೆ.’

ಅವರು ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು. ಮತ್ತೆ ಹಾಕಿಕೊಂಡು ಅಧಿಕಾರಿಯನ್ನು ನೇರವಾಗಿ ನೋಡಿದರು.

‘ಕಣ್ಣಿನ ಪಟ್ಟಿ ಬಿಚ್ಚೋವಾಗ ಎದುರಿಗೆ ನೀವೇ ಇರ್ಬೇಕು ಅಂತ ಅವರ ಹತ್ರ ಹಠ ಹಿಡಿದೋಳು ನಾನು. ಅದನ್ನೂ ಬರ್ಕೊಳ್ಳಿ.’

ಸಾಕ್ಷಿ ಬೇಕಲ್ಲ ಎಂದು ಅಧಿಕಾರಿ ಹೇಳುವಷ್ಟರಲ್ಲಿ ಬಸ್ಸಿನ ಡ್ರೈವರು ಕೈಯೆತ್ತಿದ. ಅಂದು ಬೆಳಗ್ಗೆ ಅಣ್ಣನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದವನು ತಾನೇ ಎಂದ. ಅಷ್ಟು ಖಚಿತವಾಗಿ ಹೇಗೆ ನೆನಪಿದೆ ಎಂದು ಕೇಳಿದ್ದಕ್ಕೆ, ‘ದಾರಿಯುದ್ದಕ್ಕೂ ಒಂದು ಮಾತೂ ಆಡ್ಲಿಲ್ಲ ಸಾರ್, ಹುಷಾರಿಲ್ವೇನೋ ಅಂದ್ಕೊಂಡಿದ್ದೆ’ ಎಂದ. ಈ ಸಲ ಯಾರೂ ನಗಲಿಲ್ಲ.

ಅಧಿಕಾರಿ ಡ್ರೈವರನಿಂದ ಬರೆಸಿಕೊಂಡರು, ನನ್ನಿಂದಲೂ ಬರೆಸಿಕೊಂಡರು. ಅಲ್ಲಿಯೇ ಕ್ಯಾಂಟೀನಿನ ಮೇಜಿನ ಮೇಲೆ ವರದಿ ಹರಡಿ, ‘ಕಳ್ಳತನ’ ಎಂಬ ಪದಕ್ಕೆ ಅಡ್ಡಗೆರೆ ಎಳೆದು, ಮೇಲೆ ‘ಕರ್ತವ್ಯಲೋಪ’ ಎಂದು ಬರೆದು ಸಹಿ ಹಾಕಿದರು. ನಂಬರು ಉಳಿಯುತ್ತದೆ, ಆದರೆ ಈ ಮಾತೂ ಅದರ ಜೊತೆಗೇ ಕಡತದಲ್ಲಿರುತ್ತದೆ ಎಂದು ಮಗಳಿಗೆ ತಿಳಿಸಿದರು. ಆಕೆ ತಲೆಯಾಡಿಸಿದಳು. ನನ್ನ ಕೆಲಸದ ಕಾರ್ಡನ್ನು ಕೇಳಿ ಪಡೆದು ಎರಡಾಗಿ ಹರಿದರು. ಪೊಲೀಸರ ತನಕ ಒಯ್ಯುವುದಿಲ್ಲ, ಆದರೆ ಈ ಇಲಾಖೆಯ ಕಾಡುಗಳಲ್ಲಿ ಇನ್ನು ಕಾಲಿಡಬೇಡ ಎಂದರು.

ಹೊರಗೆ ಮರದ ದಿಮ್ಮಿಗಳ ಪಕ್ಕದಲ್ಲಿ ಮಗಳು ನಿಂತಿದ್ದಳು. ಕೃತಜ್ಞತೆಯ ಮಾತನ್ನೇನೂ ನಾನು ನಿರೀಕ್ಷಿಸಿರಲಿಲ್ಲ.

‘ಅಪ್ಪ ಹೋಗಿ ಇಪ್ಪತ್ತಾರು ದಿನ ಆಯ್ತು,’ ಎಂದಳು. ‘ಬೆಳಗ್ಗೆ ನಾನು ಕೈ ಮುಗಿಯೋದೊಂದು ಬಾಕಿ. ಆಗಲೂ ನೀವು ನಿಜ ಹೇಳ್ದೆ ಬರೀ ಆಗಲಿ ಅಂದ್ರಿ.’

‘ಹೇಳ್ಬೇಕಿತ್ತು.’

‘ಹೌದು. ಸಂಜೆ ಐದಕ್ಕೆ ಬಸ್ಸಿದೆ.’

ಚಿಕ್ಕಪ್ಪ ಎನ್ನಲಿಲ್ಲ. ಅನ್ನಬೇಕೆಂದು ಆಸೆಪಡುವ ಹಕ್ಕು ನನಗೂ ಇರಲಿಲ್ಲ. ಅಣ್ಣ ಇದ್ದಷ್ಟು ದಿನ ನಾನು ಬಾಯಿ ಮುಚ್ಚಿಕೊಂಡಿದ್ದು ಅವರು ಹೇಳಿದರೆಂದು. ಆಮೇಲಿನ ಇಪ್ಪತ್ತಾರು ದಿನ ಸುಮ್ಮನಿದ್ದುದು ಆ ಮನೆ ಬಿಟ್ಟುಹೋಗುವ ಭಯದಿಂದ. ಊರೂರು ಬಿಟ್ಟು ರೂಢಿಯಿದ್ದವನಿಗೆ ಅದೊಂದು ಮನೆ ಬಿಡುವುದು ಕಷ್ಟವಾಗಿತ್ತು.

ಹಿತ್ತಲ ಕೋಣೆಗೆ ಹೋಗಿ ಎರಡು ಜೊತೆ ಬಟ್ಟೆ, ಕಂಬಳಿ, ಕ್ಷೌರದ ಪೆಟ್ಟಿಗೆಗಳನ್ನು ಚೀಲಕ್ಕೆ ತುಂಬಿದೆ. ಕಾದಂಬರಿಗಳನ್ನು ಹುರಿಯಿಂದ ಕಟ್ಟಿದೆ. ಭಾರವೆನಿಸಿ ಅರ್ಧ ಬಿಚ್ಚಿ, ಕಪಾಟಿನಲ್ಲೇ ಜೋಡಿಸಿಟ್ಟೆ. ಹಾಸಿಗೆ ಸುತ್ತಿ ನೆಲ ಗುಡಿಸಿದೆ. ಅತ್ತಿಗೆ ಅಡುಗೆಮನೆಯ ಕಿಟಕಿಯಲ್ಲಿದ್ದರು. ಎಲ್ಲಿಗೆ ಎಂದು ಕೇಳಿದರು. ಉತ್ತರದ ಕಡೆ ರಸ್ತೆ ಕೆಲಸ ನಡೆದಿದೆಯಂತೆ, ನೋಡುತ್ತೇನೆ ಎಂದೆ. ಚಳಿ ಜಾಸ್ತಿ ಅಲ್ಲಿ ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದರು. ಐದಕ್ಕೆ ಇನ್ನೂ ಒಂದು ಗಂಟೆಯಿತ್ತು. ನಾನು ಕಾಯಲಿಲ್ಲ, ಚೀಲವನ್ನು ಹೆಗಲಿಗೇರಿಸಿ ನಡೆದುಕೊಂಡೇ ಹೊರಟೆ.