ಲುವಾಳ ಹೆಸರಿನ ಷೇರು

ತೆಂಗಿನ ಬಿಸ್ಕತ್ತು ಬೇಯುವ ವಾಸನೆ, ಒಂದೇ ಒಲೆಯದು, ಬೇರೆ ವರ್ಷವಾಗಿದ್ದರೆ ಈ ಹೊತ್ತಿಗೆ ಕಾರ್ಖಾನೆಯ ಎರಡೂ ಒಲೆ ಉರಿದು ಈ ಮೇಲಿನ ಕೋಣೆಯ ಪರದೆಗೂ ಸಕ್ಕರೆ ಅಂಟಿಕೊಂಡಿರುತ್ತಿತ್ತು, ಹೊಸವರ್ಷದ ತೆತ್ ಹಬ್ಬಕ್ಕೆ ಹದಿನೆಂಟೇ ದಿನ ಉಳಿದಿರುವಾಗ ಎರಡನೇ ಒಲೆ ತಣ್ಣಗೆ ಕೂತಿದೆ ಎಂದರೆ ನಾಮ್ ದಿನ್ ಊರಿನಲ್ಲಿ ಯಾರು ನಂಬುತ್ತಾರೆ — ನ್ಯಾನ್ ಮೂಗನ್ನು ಶಾಲಿನೊಳಕ್ಕೆ ಎಳೆದುಕೊಂಡಳು. ಹೀಟರ್ ಇಲ್ಲ. ಖರ್ಚು ಕಡಿತ. ಹೀಟರ್ ಹೋಯಿತು, ಓವರ್‌ಟೈಮ್ ಹೋಯಿತು, ಒಂದೇ ಚಹಾ ಎಲೆಗೆ ನಾಲ್ಕು ಸಲ ಬಿಸಿನೀರು ಹುಯ್ಯುತ್ತಾರೆ, ಕಕ್ಕಸಿನಲ್ಲಿ ಎರಡು ಬಲ್ಬಿಗೆ ಒಂದು ಬಿಚ್ಚಿದರು, ಇನ್ನು ಉಳಿದಿರುವುದು ಹಬ್ಬಕ್ಕೆಂದು ಹೆಚ್ಚಿಗೆ ಕೊಡುವ ಹದಿಮೂರನೇ ತಿಂಗಳ ಸಂಬಳ, ಅದನ್ನೂ ಕತ್ತರಿಸಲು ಅವಳ ಮುಂದೆ ಒಂದು ಹಾಳೆ, ಹಾಳೆಯ ಮೇಲೆ ಪೆನ್ನು. ಸಹಿ ಹಾಕಮ್ಮಾ ನ್ಯಾನ್, ಕೆಳಗಡೆ ಎಲ್ಲಾರೂ ಕಾಯ್ತಿದಾರೆ ಎಂದು ಚೇರ್ಮನ್ ಖಿಯೆಮ್ ಹೇಳಿ ಐದು ನಿಮಿಷವಾಯಿತು. ಕಾಯುತ್ತಿದ್ದಾರೆ, ಹೌದು, ಮುನ್ನೂರ ಹನ್ನೆರಡು ಜನ, ಹಬ್ಬಕ್ಕೆ ತಿಂಗಳ ಸಂಬಳ ಸಿಗುತ್ತದೋ ಇಲ್ಲವೋ ಎಂದು ಕಾಯುತ್ತಿದ್ದಾರೆ, ಕಾರ್ಮಿಕ ಸಂಘದ ಅಧ್ಯಕ್ಷೆ ನಮ್ಮ ನ್ಯಾನ್ ಅಕ್ಕ ಮೇಲೆ ಹೋಗಿದ್ದಾಳೆ, ಬಿಟ್ಟು ಕೊಡಲ್ಲ ಎಂದುಕೊಂಡಿದ್ದಾರೆ, ಪಾಪ. ಆ ಅಕ್ಕನೇ ಕಂಪನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥೆ, ಸಂಬಳ ಕೊಡುವುದು ಇದೇ ಖಿಯೆಮ್, ಎರಡು ದೋಣಿಯ ಮೇಲೆ ಒಂದೊಂದು ಕಾಲಿಟ್ಟು ಹದಿನಾರು ವರ್ಷದಿಂದ ನಿಂತಿದ್ದಾಳೆ, ಹೊಳೆ ಶಾಂತವಾಗಿದ್ದಾಗ ಇದೇನು ದೊಡ್ಡ ವಿದ್ಯೆ ಅನ್ನಿಸಿರಲಿಲ್ಲ.

ಎದುರಿನ ಕ್ವಾಂಗ್ ನಡುಗುತ್ತಿದ್ದಾನೆ, ಸೈಗಾನಿನ ಹುಡುಗ, ಮೂವತ್ತೆರಡೋ ಮೂರೋ, ಜನವರಿಯಲ್ಲಿ ಉತ್ತರಕ್ಕೆ ತೆಳು ಅಂಗಿ ಹಾಕಿಕೊಂಡು ಬಂದಿದ್ದಾನಲ್ಲ, ತಾಯಿ ಹೇಳಿ ಕಳಿಸಲಿಲ್ಲವೇ — ಕಂಪನಿಯ ನೂರರಲ್ಲಿ ನಲವತ್ತು ಪಾಲು ಇವನ ಯಜಮಾನರದು, ಅವರ ಪರವಾಗಿ ಮಾತಾಡಲು ಬಂದವನಿಗೆ ಬೆಳಿಗ್ಗೆ ಅವಳೇ ಒಂದು ಕೋಟು ಹುಡುಕಿ ಕೊಡಬೇಕೆಂದಿದ್ದಳು, ಮರೆತಳು. ಬೈಯಲೂ ಆಗುವುದಿಲ್ಲ ಈ ಹುಡುಗನನ್ನು. ನೋಡಕ್ಕ, ನಾನೇನು ರಾಕ್ಷಸನಾ ಅನ್ನುತ್ತಾನೆ, ಉಳಿದಿರೋದು ಒಂದೇ ಗಂಟು, ಹೋದ ವರ್ಷ ಷೇರುದಾರರಿಗೆ ನೂರಕ್ಕೆ ಐದು ಕೊಟ್ರಿ, ನಮ್ಮೋರು ಸಿಟ್ಟಿಂದ ಕುಣಿದಾಡಿಬಿಟ್ರು, ಈ ಸಲ ಹದಿನೈದು ಕೊಡ್ಲಿಲ್ಲ ಅಂದ್ರೆ ಪಾಲು ಮಾರಿ ಕೈ ತೊಳ್ಕೊಳ್ತಾರೆ, ಕೊಳ್ಳೋನು ಬಿಸ್ಕತ್ತು ಮಾಡಕ್ಕೆ ಬರಲ್ಲ ಅಕ್ಕ, ಹೊಳೆ ಪಕ್ಕದ ಜಾಗಕ್ಕೆ ಬರ್ತಾನೆ, ಹದಿನೆಂಟು ಮಹಡಿ ಕಟ್ತಾನೆ. ಸುಳ್ಳಲ್ಲ. ಪಕ್ಕದ ನೂಲಿನ ಗಿರಣಿ ಹಾಗೇ ಹೋಯಿತು. ಲಾಭಾಂಶ ಕೊಟ್ಟರೆ ಕಾರ್ಖಾನೆ ಉಳಿಯುತ್ತದೆ, ಕೆಲಸ ಉಳಿಯುತ್ತದೆ, ಹಬ್ಬ ಹೋಗುತ್ತದೆ, ಒಂದು ಹಬ್ಬ ತಾನೇ, ಕೆಲಸವಿದ್ದರೆ ನೂರು ಹಬ್ಬ — ಹಾಗೆಂದು ಹೇಳಬಹುದು ಕೆಳಗೆ ಹೋಗಿ, ಹೇಳಿದರೆ ಕೇಳುತ್ತಾರೆ ಕೂಡ, ಗೊಣಗುತ್ತಾ ಕೇಳುತ್ತಾರೆ, ಎರಡು ಡಬ್ಬ ತೆಂಗಿನ ಬಿಸ್ಕತ್ತು ಕೈಯಲ್ಲಿ ಹಿಡಿದು ಊರಿಗೆ ಹೋಗುವ ಬಸ್ಸು ಹತ್ತುತ್ತಾರೆ. ಅತ್ತೆ ಕೇಳುತ್ತಾಳೆ, ಏನಮ್ಮ ವರ್ಷವಿಡೀ ದುಡಿದು ತಂದಿದ್ದು ಇದೇನಾ. ಸೊಸೆ ಏನು ಹೇಳಬೇಕು. ಅರ್ಧ ಅರ್ಧ ಮಾಡೋಣ ಎಂದು ಬೆಳಿಗ್ಗೆಯಿಂದ ಮೂರು ಸಲ ಬಾಯಿಬಿಟ್ಟಿದ್ದಾಳೆ ನ್ಯಾನ್, ಅವರಿಗೂ ಏಳೂವರೆ, ಇವರಿಗೂ ಅರ್ಧ ತಿಂಗಳು, ಕ್ವಾಂಗ್ ಮೂರು ಸಲವೂ ಫೋನು ಹಿಡಿದು ಹೊರಗೆ ಹೋಗಿ ಬಂದ, ಮೂರು ಸಲವೂ ಮುಖ ಸಣ್ಣದು ಮಾಡಿಕೊಂಡೇ ಬಂದ.

ಆಮೇಲೆ ಷೇರುದಾರರ ಪಟ್ಟಿ ತೆಗೆದ. ಇದನ್ನ ನೋಡಿ ಅಕ್ಕ, ಇದನ್ನ ನಮ್ಮೋರಿಗೆ ತೋರಿಸೇ ಕೆಲಸಗಾರರಿಗೆ ಅನ್ಯಾಯ ಆಗಲ್ಲ ಅಂತ ಒಪ್ಪಿಸಿದೀನಿ, ಲಾಭಾಂಶ ಅಂದ್ರೆ ಬರೀ ಸೈಗಾನಿಗೆ ಹೋಗತ್ತೆ ಅಂದ್ಕೊಂಡ್ರಾ, ನಿಮ್ಮ ಕೆಲಸಗಾರರಲ್ಲೇ ನೂರ ತೊಂಬತ್ತು ಜನ ಷೇರುದಾರರಿದಾರೆ, ಹಬ್ಬದ ದುಡ್ಡು ಆ ಬಾಗಿಲಿಂದ ಬರೋ ಬದಲು ಈ ಬಾಗಿಲಿಂದ ಬರತ್ತೆ, ಅಷ್ಟೇ ತಾನೇ — ಇಲ್ನೋಡಿ, ಫಾಮ್ ಥಿ ಲುವಾ, ಒಲೆ ವಿಭಾಗ, ಸಾವಿರದ ನಾನೂರು ಷೇರು. ಎಷ್ಟು ಸಂತೋಷ ಅವನ ಮುಖದಲ್ಲಿ, ಪರೀಕ್ಷೆಯಲ್ಲಿ ಕೊನೆಗೂ ಉತ್ತರ ಸಿಕ್ಕಿದ ಮಗುವಿನ ಹಾಗೆ. ಖಿಯೆಮ್ ಚಹಾ ಬಟ್ಟಲಿನೊಳಗೆ ಕಣ್ಣು ನೆಟ್ಟ. ಅವನಿಗೆ ಗೊತ್ತು. ಊರಿಗೆಲ್ಲ ಗೊತ್ತು. ಈ ಹುಡುಗನೊಬ್ಬನಿಗೆ ಗೊತ್ತಿಲ್ಲ. ಹದಿನಾರು ವರ್ಷದ ಹಿಂದೆ ಸರ್ಕಾರ ಕಾರ್ಖಾನೆಯನ್ನು ಖಾಸಗಿಗೆ ಬಿಟ್ಟುಕೊಟ್ಟಾಗ ದುಡಿದ ವರ್ಷಕ್ಕೆ ನೂರರಂತೆ ಷೇರು ಹಂಚಿದರು, ಮೂರು ವರ್ಷ ಮಾರುವ ಹಾಗಿಲ್ಲ ಎಂದರು, ಆದರೆ ಅಂಗೈಯಲ್ಲಿ ಹಿಡಿಯಲಾಗದ ಆಸ್ತಿ ಯಾರಿಗೆ ಬೇಕು, ಎಲ್ಲರೂ ಶಾಲೆಯ ನೋಟುಬುಕ್ಕಿನ ಹಾಳೆ ಹರಿದು ಕೈಬರಹದ ಚೀಟಿ ಬರೆದುಕೊಟ್ಟು ಮಾರಿಬಿಟ್ಟರು, ಆ ವರ್ಷ ಊರಿನ ರಸ್ತೆಯಲ್ಲಿ ಓಡಿದ ಹೊಸ ಮೋಟಾರುಬೈಕುಗಳಲ್ಲಿ ಅರ್ಧ ನಮ್ಮ ಷೇರುಗಳೇ. ಚೀಟಿ ಕೊಂಡವರ ಪೆಟ್ಟಿಗೆಯಲ್ಲಿ, ಕಂಪನಿಯ ಪುಸ್ತಕದಲ್ಲಿ ಹೆಸರು ಮಾತ್ರ ಮಾರಿದವರದೇ. ಮೂರು ವರ್ಷ ಕಳೆದ ಮೇಲೂ ಹೆಸರು ಬದಲಾಯಿಸಲು ಯಾರೂ ಹೋಗಲಿಲ್ಲ, ತೆರಿಗೆ ಬೇರೆ, ಹನೋಯ್‌ಗೆ ಓಡಾಟ ಬೇರೆ, ಯಾಕೆ, ನಮ್ಮ ನಮ್ಮಲ್ಲೇ ತಾನೇ. ಖಿಯೆಮ್‌ನ ಹೆಂಡತಿಯ ಹತ್ತಿರ ಅಂಥ ಮೂವತ್ತು ಚೀಟಿ ಇವೆಯಂತೆ. ನ್ಯಾನ್‌ಳ ಹತ್ತಿರ ಹನ್ನೊಂದು. ತಪ್ಪೇನು ಮಾಡಿದಳು, ಮದುವೆಯ ಚಿನ್ನ ಮಾರಿ ಕೊಂಡಳು, ಅಂದಿನ ಬೆಲೆ ಕೊಟ್ಟೇ ಕೊಂಡಳು, ಕಾಲು ಹಿಡಿದು ಬೇಡಿಕೊಂಡು ಮಾರಿದರು, ತಗೋ ಅಕ್ಕ, ನೀನಾದ್ರೆ ನಮ್ಮೋಳು, ಬೇರೆಯೋರಿಗೆ ಕೊಡಕ್ಕೆ ಮನಸ್ಸಿಲ್ಲ ಎಂದವಳು ಇದೇ ಲುವಾ — ಮುಪ್ಪಿಗೆ ಇರಲಿ ಎಂದು ಕೊಂಡಳು, ಗಂಡನಿಲ್ಲದವಳು ಮುಪ್ಪಿಗೆ ಏನಾದರೂ ನೋಡಿಕೊಳ್ಳಬಾರದೇ.

ಸುಮ್ಮನಿದ್ದರೆ ಮುಗಿಯಿತು. ಸುಮ್ಮನಿರುವುದಕ್ಕೆ ಖರ್ಚೇ ಇಲ್ಲ. ಪಟ್ಟಿ ಹೇಳುತ್ತದೆ ಕೆಲಸಗಾರರಿಗೂ ಸಿಗುತ್ತದೆ ಎಂದು, ಹುಡುಗ ನಂಬಿದ್ದಾನೆ, ಅವನ ಯಜಮಾನರು ನಂಬಿದ್ದಾರೆ, ನ್ಯಾನ್ ಸಹಿ ಹಾಕುತ್ತಾಳೆ, ಹದಿನೈದರ ಲೆಕ್ಕದಲ್ಲಿ ಅವಳ ಹನ್ನೊಂದು ಚೀಟಿಗೆ ಎರಡು ಕೋಟಿ ಡಾಂಗ್ ಮೇಲೇ ಬರುತ್ತದೆ, ಒಲೆ ವಿಭಾಗದವರ ಮೂರು ತಿಂಗಳ ಸಂಬಳ, ಕೆಳಗಿನವರಿಗೆ ಎರಡು ಡಬ್ಬ ಬಿಸ್ಕತ್ತು. ಬಾಯಿಬಿಟ್ಟರೆ? ಚೀಟಿಗೆ ಕಾನೂನಿನಲ್ಲಿ ಕಾಸಿನ ಬೆಲೆಯಿಲ್ಲ, ಹೆಸರು ಯಾರದೋ ಷೇರು ಅವರದೇ, ಹದಿನಾರು ವರ್ಷದ ಗಂಟು ಒಂದೇ ಮಾತಿಗೆ ನೀರುಪಾಲು, ಸಂಘದ ಅಧ್ಯಕ್ಷೆ ತನ್ನವರ ಷೇರನ್ನೇ ಕೊಂಡುಕೂತಿದ್ದಳು ಎಂಬ ಮಾತು ಸೈಗಾನ್ ತನಕ, ಖಿಯೆಮ್ ಜನ್ಮದಲ್ಲಿ ಕ್ಷಮಿಸುವುದಿಲ್ಲ, ಮೇಜಿನ ಕೆಳಗೆ ಅವನ ಶೂ ಈಗಾಗಲೇ ಅವಳ ಶೂ ತಟ್ಟುತ್ತಿದೆ, ಹಾಕಮ್ಮ, ಹಾಕು. ಅತ್ತ ದರಿ ಇತ್ತ ಪುಲಿ. ಆದರೆ ಲುವಾಗೆ ಇದು ಯಾಕೆ ಹೊಳೆಯಲಿಲ್ಲ, ಅದೇ, ಅದೇ ಅರ್ಥವಾಗುವುದಿಲ್ಲ — ಹೆಸರು ಅವಳದು, ಗುರುತಿನ ಚೀಟಿ ಅವಳದು, ಪ್ರತಿ ವರ್ಷ ಖಜಾಂಚಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು ಸಹಿ ಹಾಕಿ ಲಾಭಾಂಶದ ಹಣ ತೆಗೆದುಕೊಳ್ಳುವವಳು ಅವಳು, ಒಂದೇ ಒಂದು ವರ್ಷ ಇಟ್ಟುಕೊಂಡುಬಿಟ್ಟಿದ್ದರೆ ಯಾವ ಕೋರ್ಟು ಕೇಳುತ್ತಿತ್ತು, ಯಾವ ನ್ಯಾನ್ ಕೇಳುತ್ತಿದ್ದಳು. ಇಟ್ಟುಕೊಳ್ಳಲಿಲ್ಲ. ಮೆಟ್ಟಿಲು ಹತ್ತಿ ಬರುತ್ತಾಳೆ, ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಾಳೆ, ಒಲೆಯ ತಟ್ಟೆಯ ಬಿಸಿಗೆ ಸುಟ್ಟು ಉಗುರೇ ಬಾರದ ಆ ಹೆಬ್ಬೆರಳು, ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚುತ್ತಾಳೆ, ನಿನ್ನ ದುಡ್ಡು ಅಕ್ಕ.

ಆ ಷೇರು ಲುವಾಳದ್ದಲ್ಲ. ಯಾರು ಹೇಳಿದ್ದು, ಕೋಣೆಯಲ್ಲಿ ಯಾರೋ ಹೇಳಿದರು, ಖಿಯೆಮ್‌ನ ಶೂ ತಟ್ಟುವುದು ನಿಂತಿತು, ಕ್ವಾಂಗ್ ತಲೆ ಎತ್ತಿದ, ಅಂದರೆ ಹೇಳಿದ್ದು ಅವಳೇ. ಆ ಪಟ್ಟಿ ಕೆಲಸಗಾರರದ್ದಲ್ಲಪ್ಪ, ಆ ಹೆಸರಿನ ದುಡ್ಡು ಅವರಿಗೆ ಸೇರಲ್ಲ, ನನಗೆ ಬರತ್ತೆ, ನನ್ನಂಥೋರಿಗೆ ಬರತ್ತೆ, ನಿಮ್ಮ ಯಜಮಾನ್ರಿಗೆ ಹಂಗೇ ಹೇಳು, ಅರ್ಧ ಅರ್ಧ ಮಾಡ್ಲಿಲ್ಲ ಅಂದ್ರೆ ಕೆಳಗಿನೋರಿಗೆ ಒಂದು ಡಾಂಗೂ ಇಲ್ಲ. ಹುಡುಗನ ಬೆರಳು ಇನ್ನೂ ಆ ಹೆಸರಿನ ಮೇಲೇ ಇದೆ. ನಿಮಗಾ? ಎಷ್ಟು ವರ್ಷದಿಂದ, ಅಕ್ಕ? ಸಿಟ್ಟಿನಿಂದಲ್ಲ, ಅವನು ಮೆಲ್ಲಗೆ ಕೇಳಿದ — ಹದಿನಾರು ಸಲ ಲುವಾ ಮೆಟ್ಟಿಲು ಹತ್ತಿ ಬಂದಳು, ಕೂತ್ಕೋ ಎಂದು ನ್ಯಾನ್ ಒಂದು ಸಲವೂ ಹೇಳಲಿಲ್ಲ, ನಿನ್ನ ದುಡ್ಡು ಅಕ್ಕ, ಎಣಿಸ್ಕೋ, ಎರಡೂ ಕೈ, ಉಗುರಿಲ್ಲದ ಹೆಬ್ಬೆರಳು, ಲಕೋಟೆ ಬಿಚ್ಚಿದಳು ನ್ಯಾನ್, ಎಣಿಸಿದಳು, ಬರಿಗಾಲಲ್ಲಿ ಅವಳು ನಿಂತೇ ಇದ್ದಳು, ನ್ಯಾನ್ ಬೆರಳು ಒದ್ದೆ ಮಾಡಿಕೊಂಡು ಮತ್ತೊಂದು ಸಲ ಎಣಿಸಿದಳು, ಅವಳು ನಿಂತೇ ಇದ್ದಳು, ಎಣಿಸಿದಳು, ಅವಳು ನಿಂತೇ ಇದ್ದಳು