ಮಾಸ್ತರರ ಟೋಪಿ

"ಇಲ್ಲೇ ಕುರ್ಚಿ ಮೇಲೆ ಇಟ್ಟಿದ್ದೆ. ಮುಖ ತೊಳ್ಕೊಂಡು ಬರೋಷ್ಟರಲ್ಲಿ ಎಲ್ಲಿ ಹೋಯ್ತು?"

ವೇದಿಕೆಯ ಪರದೆಯ ಹಿಂದೆ ಕುರ್ಚಿಗಳನ್ನು ಸರಿಸಿ, ಬಗ್ಗಿ, ಡ್ರಮ್ಮಿನ ಹಿಂದೆಯೂ ತಮ್ಮ ಹುಡುಕಿದ. ಬ್ಯಾಂಡಿನವರೆಲ್ಲ ನೀಲಿ ಟೋಪಿ ತೊಟ್ಟು, ವಾದ್ಯ ಒರೆಸುತ್ತ ಕಾಯುತ್ತಿದ್ದರು. ಕಾಣೆಯಾಗಿದ್ದು ಚಿನ್ನದ ಅಂಚಿನ ಬಿಳಿ ಟೋಪಿ, ಮುಂದೆ ನಿಂತು ಬ್ಯಾಂಡು ನಡೆಸುವ ಮಾಸ್ತರರದು.

"ಸರಿಯಾಗಿ ನೋಡು. ಮನೇಲೇ ಬಿಟ್ಟಿರ್ತೀಯ," ಎಂದ ಅಣ್ಣ. ಅವನ ಕೊರಳಲ್ಲಿ ಸ್ಯಾಕ್ಸೋಫೋನ್ ತೂಗುತ್ತಿತ್ತು. ಅದರ ಪೆಟ್ಟಿಗೆ ಕಾಲಬುಡದಲ್ಲಿತ್ತು. ಟೋಪಿಯನ್ನು ಆ ಪೆಟ್ಟಿಗೆಯೊಳಗೆ ತುರುಕಿದ್ದು ಅವನೇ.

ಇಬ್ಬರಿಗೂ ವಿದ್ಯೆ ಕಲಿಸಿ ಬ್ಯಾಂಡಿಗೆ ಸೇರಿಸಿದವರು ಹಿಂದಿನ ಮಾಸ್ತರು, ಸೋದರಮಾವ. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಇಬ್ಬರನ್ನೂ ಕರೆಸಿ, ಎಡಗೈಯಿಂದಲೇ ಟೋಪಿ ತೆಗೆದು ಚಿಕ್ಕವನ ತಲೆಗಿಟ್ಟಿದ್ದರು. ದೊಡ್ಡವನಿಗೆ ಹೇಳಿದ್ದು ಒಂದೇ ಮಾತು: "ನಿನ್ನ ಎಬ್ಬಿಸಿ ಮುಂದೆ ನಿಲ್ಲಿಸಿದ್ರೆ ನುಡಿಸೋರು ಯಾರೋ?" ಹೊಗಳಿದಂತೆ ಮಾಡಿ ಮೂಲೆಗೆ ಕೂರಿಸಿದರು ಅಂತಲೇ ಅಣ್ಣ ತಿಳಿದ. ಅಂದಿನಿಂದ, ಬೀದಿಯಲ್ಲಿ ಯಾರಾದರೂ ತಮ್ಮನನ್ನು "ಮಾಸ್ತರೇ" ಎಂದು ಕರೆದರೆ ಇವನ ಹೊಟ್ಟೆಯಲ್ಲಿ ಕೆಂಡ. ಸಾಲದ್ದಕ್ಕೆ ಮನೆಯಲ್ಲಿ ಹೆಂಡತಿ. "ತರಕಾರಿ ಅಂಗಡೀಲೂ ಅವಳಿಗೆ ಮಾಸ್ತರ ಹೆಂಡ್ತಿ ಅಂತ ದಾರಿ ಬಿಡ್ತಾರೆ. ಹಿರಿಯೋಳು ನಾನು, ಚೀಲ ಹಿಡ್ಕೊಂಡು ಹಿಂದೆ ನಿಂತಿರ್ಬೇಕು!"

ಪರದೆಯಾಚೆ ಜನ ಚಪ್ಪಾಳೆ ತಟ್ಟತೊಡಗಿದರು. ಮೊದಲ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಮಾವ ಕೂತಿದ್ದರು.

ತಮ್ಮ ಬಂದು ಅಣ್ಣನ ತೋಳು ಹಿಡಿದ.

"ಅಣ್ಣಾ, ಇವತ್ತು ನೀನೇ ನಿಲ್ಲು."

"ತಲೆ ಕೆಟ್ಟಿದೆಯಾ ನಿಂಗೆ?"

"ಟೋಪಿ ಇದ್ರೆ ನಾನು ಮಾಸ್ತರು. ಇಲ್ದಿದ್ರೆ ಇವರೆಲ್ಲರಿಗಿಂತ ಚಿಕ್ಕೋನು, ಅಷ್ಟೇ. ಬರಿತಲೇಲಿ ಕೈ ಎತ್ತಿದ್ರೆ ಯಾರು ನೋಡ್ತಾರೆ? ನಿನ್ನ ಮಾತಾದ್ರೆ ಕೇಳ್ತಾರೆ. ನಿನ್ನ ಪಾಲು ನಾನು ನುಡಿಸ್ತೀನಿ."

ಇಷ್ಟು ದಿನ ಒಳಗೊಳಗೇ ಬಯಸಿದ್ದು ಹೀಗೆ ತಾನಾಗಿ ಕೈಗೆ ಬಂದು ಬೀಳುತ್ತದೆಂದು ಅಣ್ಣ ಎಣಿಸಿರಲಿಲ್ಲ. ವಾದ್ಯವನ್ನು ಕೊರಳಿಂದ ತೆಗೆದುಕೊಟ್ಟ.

ತಮ್ಮ ಒಮ್ಮೆ ಊದಿ, ಊದುವ ತುದಿಯ ತೆಳು ಪಟ್ಟಿ ಮುಟ್ಟಿ ಮುಖ ಕಿವುಚಿದ. "ನಿನ್ನ ರೀಡು ನಂಗೆ ಗಟ್ಟಿ. ಮೆತ್ತಂದು ಪೆಟ್ಟಿಗೇಲಿರುತ್ತಲ್ಲ?"

"ತಾಳು, ನಾನೇ ಕೊಡ್ತೀನಿ..."

ಅಷ್ಟರಲ್ಲಿ ಅವನು ಮಂಡಿಯೂರಿ ಮುಚ್ಚಳ ತೆಗೆದಾಗಿತ್ತು.

ತಮ್ಮ ಕೆಲಹೊತ್ತು ಪೆಟ್ಟಿಗೆಯೊಳಗೇ ನೋಡಿದ. ಟೋಪಿಯ ಮಡಚಿಹೋಗಿದ್ದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೆಟ್ಟಗೆ ಮಾಡಿದ. ಪಕ್ಕದಲ್ಲಿದ್ದ ಡಬ್ಬಿಯಿಂದ ರೀಡು ತೆಗೆದುಕೊಂಡು ಮುಚ್ಚಳ ಹಾಕಿದ.

"ಸಿಕ್ತಾ?" ಡ್ರಮ್ಮಿನವನು ಕೂಗಿದ.

"ಸಿಕ್ತು, ರೀಡು," ಎಂದು ತಮ್ಮ ಎದ್ದ. ಅಣ್ಣನ ಮುಖ ನೋಡದೆ ಹೋಗಿ ಅಣ್ಣನ ಕುರ್ಚಿಯಲ್ಲಿ ಕೂತ.

ಪರದೆ ಸರಿಯಿತು. ಅಣ್ಣ ನೀಲಿ ಟೋಪಿಯಲ್ಲೇ ಮಾಸ್ತರರು ನಿಲ್ಲುವ ಹಲಗೆ ಏರಿ ಕೈ ಎತ್ತಿದ. ಎಲ್ಲರ ಕಣ್ಣೂ ಅವನ ಮೇಲೆ. ಕೈ ಇಳಿದೊಡನೆ ಇಡೀ ಬ್ಯಾಂಡು ಒಂದೇ ಉಸಿರಿನಲ್ಲಿ ಹೊರಟಿತು. ಆ ಗಳಿಗೆ ಅವನು ಊಹಿಸಿದಷ್ಟೇ ಸೊಗಸಾಗಿತ್ತು. ಆಮೇಲೆ ಅವನ ಪಾಲಿನ ಸಾಲು ಬಂತು. ಅವನು ಯಾವಾಗಲೂ ನಡುವೆ ಉಸಿರೆಳೆಯದೆ ದಾಟಿಸುತ್ತಿದ್ದ ಸ್ವರಗಳ ಏರಿನಲ್ಲಿ ತಮ್ಮನ ಸ್ವರ ತಡವರಿಸಿ ತುಂಡಾಯಿತು. ಅಣ್ಣನ ಬೆರಳುಗಳು ಗಾಳಿಯಲ್ಲೇ ವಾದ್ಯದ ಕೀಲಿಗಳನ್ನು ಒತ್ತಿದವು. ಮಾವ ಕಣ್ಣು ಮುಚ್ಚಿಕೊಂಡಿದ್ದರು.

ಅದೇ ಏರು ಮತ್ತೆ ಬರುವುದಿತ್ತು. ತಮ್ಮನಿಗೆ ಉಸಿರು ಸಿಗಲೆಂದು ಅಣ್ಣ ಕೈಯ ಓಟ ತಗ್ಗಿಸಿದ. ಉಳಿದವರೂ ತಗ್ಗಿಸಿದರು. ಸಾಲುಸಾಲು ನೀಲಿ ಟೋಪಿಗಳ ನಡುವೆ ತಮ್ಮನದೊಂದೇ ಬರಿತಲೆ, ವಾದ್ಯದ ಮೇಲೆ ಬಗ್ಗಿತ್ತು. ಅದರ ನೆತ್ತಿಯಲ್ಲಿ, ಅಪ್ಪನಿಗೆ ಉದುರಿದ್ದ ಜಾಗದಲ್ಲೇ, ಕೂದಲು ಉದುರಿತ್ತು. ದೀಪದ ಬೆಳಕಿಗೆ ಅಲ್ಲಿ ಬೆವರು ಮಿನುಗುತ್ತಿತ್ತು.